ಗುಲಾಬಿ ನೋಟೂ ನನ್ನ ಮ್ಯಾಚಿಂಗ್ ಸೆಂಟರೂ

ಎರಡು ಸಾವಿರದ ನೋಟುಗಳನ್ನು ವಾಪಸ್ ಪಡೆಯುತ್ತಾರೆಂದು ಟಿ.ವಿ.ಯಲ್ಲಿ ಬಂದಾಗ ಟಿ. ನರಸೀಪುರದ ನಮ್ಮ ಅಂಗಡಿಬೀದಿಯಲ್ಲಿ ಹೆದರದೆ ಇದ್ದವಳು ನಾನೊಬ್ಬಳೇ. ಬ್ಯಾಂಕಿಗೆ ಕಟ್ಟಲು ತಿಂಗಳುಗಟ್ಟಲೆ ಸಮಯವಿತ್ತು. ಆದರೂ ಪಕ್ಕದ ಬೇಕರಿಯವರು ಆ ನೋಟು ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ನಾನು ಸ್ವಾಗತಿಸಿದೆ.

ನನ್ನದು ಮ್ಯಾಚಿಂಗ್ ಸೆಂಟರ್. ಸೀರೆಗೆ ಫಾಲ್ಸು, ರವಿಕೆಗೆ ಲೈನಿಂಗು, ಲಂಗ, ದಾರ, ಹುಕ್ಕು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಫ್ಯಾನಿನ ಗಾಳಿಗೆ ತೂಗುಹಾಕಿದ ಲಂಗಗಳು ಮೆಲ್ಲಗೆ ಉಬ್ಬಿ ಇಳಿಯುತ್ತವೆ. ಅವನ್ನೇ ನೋಡುತ್ತಾ ಕೂತರೆ ನನಗೆ ನಂಜನಗೂಡು ಕಾಣಿಸುತ್ತಿತ್ತು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆಗೆ ಐದು ಸಾವಿರ ಅಡ್ವಾನ್ಸ್ ಕೊಟ್ಟು ಬಂದಿದ್ದೆ. ಮಿಕ್ಕದ್ದನ್ನು ತಿಂಗಳ ಕೊನೆಗೆ ಕೊಡಬೇಕು. ಗಾಜಿನ ಬಾಗಿಲು, ಆಳೆತ್ತರದ ಕನ್ನಡಿ, ತಿಳಿನೀಲಿಯಿಂದ ಕಡುನೀಲಿಯವರೆಗೆ ಸಾಲಾಗಿ ಹರಿಯುವ ಬಟ್ಟೆ...

"ಏನೇ, ಕಣ್ಣು ಬಿಟ್ಕೊಂಡೇ ನಿದ್ದೆನಾ?" ಎನ್ನುತ್ತಿದ್ದರು ನಮ್ಮ ಯಜಮಾನರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಚಿಲ್ಲರೆ ಕೇಳಿದರೆ ಈಗಲೂ ಮುಖ ಗಂಟಿಕ್ಕುತ್ತಾರೆ.

ಮೊದಲು ಬಂದವಳು ಹಿಂದಿನ ಬೀದಿಯ ಮಂಗಳಮ್ಮ.

"ಅಕ್ಕೋ, ಈ ನೋಟು ಇಸ್ಕತೀಯಾ?"

"ಇಸ್ಕೊಳ್ತೀನಿ ಕಣಮ್ಮ. ಆದ್ರೆ ಐನೂರು ರೂಪಾಯಿಗಾದ್ರೂ ವ್ಯಾಪಾರ ಮಾಡ್ಬೇಕು."

ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಅವಳು ಬೆಲೆ ಕೂಡ ಕೇಳದೆ ಆರು ಲಂಗ ಕಟ್ಟಿಸಿಕೊಂಡು, ಮಿಕ್ಕದ್ದನ್ನು ನೂರರ ನೋಟುಗಳಲ್ಲಿ ಪಡೆದು ಹೋದಳು.

ವಾರವೆಲ್ಲಾ ಅಂಗಡಿ ಗಿಜಿಗುಟ್ಟಿತು. ತಲಕಾಡಿನಿಂದಲೂ ಬಂದರು. ಚೌಕಾಸಿಯಿಲ್ಲ, ಬಣ್ಣದ ತಕರಾರಿಲ್ಲ. ಹಸಿರು ಸೀರೆಗೆ ಕೇಸರಿ ಫಾಲ್ಸು ಕೊಟ್ಟರೂ "ಚೆಂದಾಗದೆ" ಎಂದು ಒಯ್ದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗಲ್ಲಾಪೆಟ್ಟಿಗೆ ತೆರೆದರೆ ಸೂರ್ಯ ಹುಟ್ಟುವ ಮೊದಲಿನ ಆಕಾಶದ ಬಣ್ಣ. ಅದರಲ್ಲಿ ನಾನು ಹತ್ತಿಯಂತೆ ತೇಲುತ್ತಿದ್ದೆ. ಕೊಡಲು ಚಿಲ್ಲರೆ ಸಾಲದೆ ಯಜಮಾನರಿಂದ ಕೈಸಾಲ ಪಡೆದೆ. ಮಳಿಗೆಗೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಸುರಿದು ಮೈಸೂರಿನಿಂದ ಒಂದು ಗೂಡ್ಸ್ ಆಟೋ ತುಂಬ ಹೊಸ ಮಾಲು ತರಿಸಿದೆ. ಇದೇ ವ್ಯಾಪಾರ ನಡೆದರೆ ತಿಂಗಳ ಕೊನೆಗೆ ಹಣ ತಾನಾಗಿ ಬರುತ್ತದಲ್ಲ!

ಸೋಮವಾರ ಮಂಗಳಮ್ಮ ಲಂಗಗಳ ಕಟ್ಟು ಹಿಡಿದು ಬಂದಳು.

"ಮ್ಯಾಚ್ ಆಗ್ನಿಲ್ಲ ಕಣಕ್ಕ."

"ಆರೂನಾ?"

"ಆರೂವೆ."

ಮ್ಯಾಚಿಂಗ್ ಸೆಂಟರಿನ ವ್ಯಾಪಾರವೇ ಹಾಗೆ. ಮನೆಗೊಯ್ದು ಸೀರೆಯ ಪಕ್ಕ ಇಟ್ಟು ನೋಡಬೇಕು, ಹೊಂದದಿದ್ದರೆ ತಂದುಕೊಟ್ಟು ದುಡ್ಡು ಪಡೆಯಬೇಕು. ನಮ್ಮತ್ತೆ ಅಂಗಡಿ ತೆರೆದ ದಿನದಿಂದ ಜಾರಿಯಲ್ಲಿರುವ ಸಂವಿಧಾನ. ಗಲ್ಲಾಪೆಟ್ಟಿಗೆಗೆ ಕೈ ಹಾಕಿದೆ.

"ಗುಲಾಬಿದು ಬ್ಯಾಡ, ನೂರರದ್ದೇ ಕೊಟ್ಬುಡಕ್ಕ" ಎಂದಳು. ಅವಳ ಹಿಂದೆ ತಲಕಾಡು ಬಸ್ಸಿನಿಂದ ಇಳಿದವರು ಚೀಲ ಹಿಡಿದು ಸಾಲಾಗಿ ನಿಂತಿದ್ದರು.

ಮೂರು ದಿನದಲ್ಲಿ ಹೋದ ಮಾಲೆಲ್ಲ ತವರಿಗೆ ಬಂತು. ವಾಪಸ್ ಕೊಡುವ ನೂರರ ನೋಟುಗಳಿಗೂ ಯಜಮಾನರ ಹತ್ತಿರವೇ ಮತ್ತೆ ಕೈಸಾಲ. ಹೊಸ ಗಂಟುಗಳ ಮೇಲೆ ಹಳೆಯ ಗಂಟು, ಅದರ ಮೇಲೆ ನಾನು. ನಿಜವಾಗಿ ಮಾರಾಟವಾಗಿದ್ದು ಒಂದು ಪ್ಯಾಕೆಟ್ ಹುಕ್ಕು. ಕೊಂಡವರು ಬಹುಶಃ ಮರೆತಿರಬೇಕು.

"ಊರೋರೆಲ್ಲ ನಿನ್ ಹತ್ರ ನೋಟು ಬದಲಾಯಿಸ್ಕಂಡ್ರು. ಈಗ ಬ್ಯಾಂಕಲ್ಲಿ ಅವ್ರೆಲ್ಲರ ಕ್ಯೂನೂ ನೀನೇ ನಿಂತು ಮುಗಿಸು" ಎಂದರು ಯಜಮಾನರು.

"ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಣ ಅಂತ್ಲೇ ಬಂದೆ. ನೀನು ನಂಜನಗೂಡಲ್ಲಿದ್ದೆ."

ನೋಟುಗಳನ್ನು ಬ್ಯಾಂಕಿಗೆ ಕಟ್ಟಿದ ಹಣ ಯಜಮಾನರ ಸಾಲಕ್ಕೆ ಸರಿಹೋಯಿತು. ಮಳಿಗೆಯ ಹಣ ಲೈನಿಂಗ್ ಗಂಟುಗಳಾಗಿ ಕೂತಿತ್ತು. ತಿಂಗಳ ಕೊನೆಗೆ ನಂಜನಗೂಡಿಗೆ ಹೋಗಿ, ಮಳಿಗೆ ಬೇಡವೆಂದು ಮಾಲೀಕರಿಗೆ ತಿಳಿಸಿದೆ. ವಯಸ್ಸಾದವರು, ಕಾಫಿ ತರಿಸಿದರು.

"ಅಡ್ವಾನ್ಸು..." ಎಂದೆ.

"ಕೊಟ್ಟಿದ್ದನ್ನ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ ಕಣಮ್ಮ" ಎಂದರು, ಬಹಳ ಮೃದುವಾಗಿ. ವ್ಯಾಪಾರವೆಂದರೆ ಇದು ಎಂದು ಮನಸ್ಸಿನಲ್ಲೇ ಕೈಮುಗಿದೆ.

ಹಿಂದಿರುಗುವಾಗ ಬಸ್ಸಿನ ಕಿಟಕಿಯಲ್ಲಿ ಗದ್ದೆಗಳು ಹಸಿರು ಲೈನಿಂಗಿನಂತೆ ಬಿಚ್ಚಿಕೊಳ್ಳುತ್ತಿದ್ದವು. ಇನ್ನು ನಮ್ಮಲ್ಲೂ ಮಾರಿದ ಮಾಲು ವಾಪಸ್ಸಿಲ್ಲ ಎಂದು ದೃಢವಾಗಿ ನಿಶ್ಚಯಿಸಿದೆ.

ಅಂಗಡಿಯ ಮೆಟ್ಟಿಲ ಮೇಲೆ ಒಬ್ಬಾಕೆ ಫಾಲ್ಸು ಹಿಡಿದು ಕಾಯುತ್ತಿದ್ದಳು. ಹೊಲಿದು ಬಿಚ್ಚಿದ ಸೂಜಿತೂತುಗಳು ಅದರ ಉದ್ದಕ್ಕೂ ಕಾಣುತ್ತಿದ್ದವು. ಗಂಟಲು ಸರಿಪಡಿಸಿಕೊಂಡು, ಮುಖ ಬಿಗಿದುಕೊಂಡೆ.

"ಅಕ್ಕ, ಬಣ್ಣ ಒಸಿ..." ಎಂದಳು.

"ಒಳಗ್ ಬಾಮ್ಮ, ಬಿಸ್ಲಲ್ಲಿ ಯಾಕ್ ನಿಂತಿದ್ದೀಯ? ಸೀರೆ ಯಾವ ಬಣ್ಣ?" ಎಂದಿತು ನನ್ನ ಬಾಯಿ.