ಕಾರಿನೊಳಗಿನ ಕೆಂಪು ದೀಪ

ನನ್ನ ಬಳಿ ಒಂದು ಕಾರಿದೆ ಎಂದರೆ ಅದು ಪೂರ್ತಿ ನಿಜವಲ್ಲ. ನನ್ನ ಬಳಿ ಇರುವುದು ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನ ಕೆಳಗೆ, ಎರಡು ಕಂಬಗಳ ನಡುವೆ, ಒಂದು ಪಾರ್ಕಿಂಗ್ ಜಾಗ. ಅದು ಖಾಲಿ ಕಾಣಬಾರದೆಂದು ಅಲ್ಲಿ ಒಂದು ಹಳೆಯ ಕಾರನ್ನು ಇಟ್ಟಿದ್ದೇನೆ. ಮೈಸೂರಿನಲ್ಲಿರುವ ನನ್ನ ಅಣ್ಣನಿಗೆ ಇದು ಅರ್ಥವಾಗುವುದಿಲ್ಲ. ಅವನು ಮನೆ ಮುಂದಿನ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ ಒಳಗೆ ಹೋಗಿ ಕಾಫಿ ಕುಡಿಯುತ್ತಾನೆ. ಜಾಗ ಎಂಬುದೊಂದು ಆಸ್ತಿ ಎಂದು ಅವನಿಗೆ ಎಂದೂ ಅನಿಸಿಲ್ಲ. ಮುಂಬಯಿಯಲ್ಲಿ ಹೆಣ್ಣು ಕೊಡುವವರು ಮೊದಲು ಫ್ಲ್ಯಾಟ್ ಸ್ವಂತದ್ದೇ ಎಂದು ಕೇಳುತ್ತಾರೆ, ಆಮೇಲೆ ಪಾರ್ಕಿಂಗ್ ಇದೆಯೇ ಎಂದು ಕೇಳುತ್ತಾರೆ, ಹುಡುಗನ ವಿಷಯ ಬರುವುದು ಅದಾದ ಮೇಲೆ. ಇನ್ನು ನಾನು ಆ ಕಾರನ್ನು ಓಡಿಸುತ್ತೇನೆಯೇ ಎಂದರೆ, ಅಷ್ಟೇನಿಲ್ಲ. ಬಾಂದ್ರಾದ ಆಫೀಸಿಗೆ ಲೋಕಲ್ ರೈಲಿನಲ್ಲಿ ಹೋಗುತ್ತೇನೆ, ತರಕಾರಿಗೆ ನಡೆದು ಹೋಗುತ್ತೇನೆ. ಕಾರು ಹೊರಡುವುದು ತಿಂಗಳಿಗೊಂದು ಭಾನುವಾರ, ಮಾಟುಂಗದಿಂದ ಕಾಫಿಪುಡಿ ತರಲು.

ಈ ವ್ಯವಸ್ಥೆ ಸುಖವಾಗಿಯೇ ನಡೆದಿತ್ತು. ಅದಕ್ಕೆ ಇದ್ದ ತೊಡಕು ಒಂದೇ, ನಮ್ಮ ಬಿಲ್ಡಿಂಗಿನ ಸೊಸೈಟಿಯ ನಿಯಮ. ಓಡದ ಗಾಡಿಯನ್ನು ನಿಲ್ಲಿಸಿಕೊಂಡು ಕೂತವರ ಜಾಗವನ್ನು ಬಿಡಿಸಿ, ಪಾರ್ಕಿಂಗ್ ಇಲ್ಲದೆ ಕಾಯುತ್ತಿರುವವರಿಗೆ ಕೊಡಬಹುದು. ಹಾಗೆ ಕಾಯುತ್ತಿರುವವರಲ್ಲಿ ಮೊದಲಿಗರು ಮೂರನೇ ಮಹಡಿಯ ಮೆಹ್ತಾಭಾಯಿ. ಬಹಳ ಸಭ್ಯರು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ "ಗಾಡಿ ಕೈಸೀ ಹೈ, ರಾವ್‌ಸಾಬ್?" ಎಂದು ಮೊದಲು ನನ್ನ ಕಾರಿನ ಆರೋಗ್ಯ ವಿಚಾರಿಸಿ, ಆಮೇಲೆ ನನ್ನದನ್ನು ವಿಚಾರಿಸುತ್ತಾರೆ. ಬಹಳ ವರ್ಷ ನಾನು ಇದನ್ನು ವಿಶ್ವಾಸ ಎಂದುಕೊಂಡಿದ್ದೆ.

ಏಪ್ರಿಲ್ ತಿಂಗಳ ಒಂದು ಭಾನುವಾರ ಕಾಫಿಪುಡಿ ತೆಗೆದುಕೊಂಡು ಹಿಂದಿರುಗುವಾಗ ಸಾಯನ್ ಬಳಿ ಗಾಡಿಗಳೆಲ್ಲ ನಿಂತುಬಿಟ್ಟವು. ಸ್ಟೀರಿಂಗ್ ಹಿಂದೆ ಒಂದು ಕೆಂಪು ದೀಪ ಹೊತ್ತಿಕೊಂಡಿತು. ಅಲೆಗಳ ಮೇಲೆ ನಿಂತ ಪುಟ್ಟ ದೋಣಿಯ ಹಾಗಿತ್ತು. ದೋಣಿಯಲ್ಲ, ನೀರಿನಲ್ಲಿ ಅದ್ದಿದ ಥರ್ಮಾಮೀಟರು ಎಂದು ಆಮೇಲೆ ತಿಳಿಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಸುಧಾ ಧಾರವಾಡದವಳು, ಇಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅವಳ ಕಣ್ಣು ತಪ್ಪಿಸಿ ಏನೂ ನಡೆಯುವುದಿಲ್ಲ.

"ಇದೇನ್ರೀ ಹೊಸಾದು?" ಎಂದಳು.

"ಹೊಸದೇನಲ್ಲ. ಅದು ಮೊದಲಿನಿಂದಲೂ ಇದೆ."

"ಇತ್ತು, ಆದ್ರ ಉರೀತಿದ್ದಿಲ್ಲ."

ನಾನು ಲೆಕ್ಕ ತಪಾಸಣೆ ವಿಭಾಗದವನು. ನಾನು ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ಕಳಿಸಿದರೆ, ಸಂಬಂಧಪಟ್ಟವರು ಅದರ ಕೆಳಗೆ 'ಗಮನಿಸಲಾಗಿದೆ' ಎಂದು ಬರೆದು ಹಿಂದಕ್ಕೆ ಕಳಿಸುತ್ತಾರೆ. ಮರು ವರ್ಷವೂ ಅದೇ ತಪ್ಪು, ಅದೇ ಆಕ್ಷೇಪಣೆ, ಅದೇ ಉತ್ತರ. ಇದರಿಂದ ನನಗೆ ಎಷ್ಟು ನೋವಾಗಿದೆ ಎಂದು ಸುಧಾಗೆ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ದಿನ ಸಾಯನ್ನಿನಲ್ಲಿ ನಾನೂ ಆ ದೀಪವನ್ನು ಗಮನಿಸಿದೆ. ಮುಂದಿನ ಗಾಡಿಗಳು ಕದಲಿ ನಾವು ಸ್ವಲ್ಪ ಜೋರಾಗಿ ಹೋಗತೊಡಗಿದ ಮೇಲೆ ಅದು ತಾನಾಗಿ ಆರಿಹೋಯಿತು. ಪ್ರಕರಣ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಗಾಡಿ ಎಲ್ಲಿ ನಿಂತರೂ ದೀಪ, ಓಡಿದರೆ ಇಲ್ಲ. ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಹುಡುಕಿ ತೆಗೆದು ಓದಿದೆ. ದೀಪ ಹೊತ್ತಿದ ಕೂಡಲೆ ಗಾಡಿಯನ್ನು ರಸ್ತೆ ಬದಿಯ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ತಣಿಯುವವರೆಗೆ ಕಾಯಬೇಕು ಎಂದಿತ್ತು. ಅದನ್ನು ಬರೆದ ಮಹಾಶಯ ಮುಂಬಯಿಯ ರಸ್ತೆ ಬದಿಯನ್ನು ನೋಡಿದವನಲ್ಲ. ಕೂಲಂಟ್ ಎಂಬ ಹಸಿರು ನೀರು ಕಡಿಮೆಯಾಗಿದೆಯೇ ನೋಡಿ ಎಂದಿತ್ತು. ಇಂಜಿನ್ ತಣ್ಣಗಿರುವಾಗ ಡಬ್ಬಿಯನ್ನು ಬಗ್ಗಿ ನೋಡಿದೆ. ಎರಡು ಗೆರೆಗಳ ನಡುವೆ, ಎಲ್ಲಿರಬೇಕೋ ಅಲ್ಲೇ ನಿಂತಿತ್ತು. ಪುಸ್ತಕದ ಪ್ರಕಾರ ನನ್ನ ಕಾರಿಗೆ ಏನೂ ಆಗಿರಲಿಲ್ಲ.

ಆಮೇಲೆ ತಿಳಿದವರನ್ನು ಕೇಳಿದೆ. ಆಫೀಸಿನಲ್ಲಿ ಪಕ್ಕದ ಮೇಜಿನವರು ಥರ್ಮೋಸ್ಟ್ಯಾಟ್ ಎಂದರು. ಕ್ಯಾಂಟೀನಿನಲ್ಲಿ ಒಬ್ಬರು, ಸಾವಿನ ಸುದ್ದಿ ಹೇಳುವ ದನಿಯಲ್ಲಿ, ಹೆಡ್ ಗ್ಯಾಸ್ಕೆಟ್ ಎಂದರು. ಲೋಕಲ್ಲಿನಲ್ಲಿ ನಾನು ಫೋನಿನಲ್ಲಿ ಅಣ್ಣನಿಗೆ ಇದನ್ನೆಲ್ಲ ವಿವರಿಸುತ್ತಿದ್ದಾಗ, ಮೇಲಿನ ಹಿಡಿಕೆಗೆ ಜೋತುಬಿದ್ದಿದ್ದ ಅಪರಿಚಿತರೊಬ್ಬರು ಕಣ್ಣು ತೆರೆದು, "ಸೆನ್ಸರ್ ಗಯಾ" ಎಂದು ಹೇಳಿ ಕುರ್ಲಾದಲ್ಲಿ ಇಳಿದುಹೋದರು. ಮೆಹ್ತಾಭಾಯಿಗೆ ನಾನು ಹೇಳಿರಲಿಲ್ಲ. ಆದರೂ ಒಂದು ದಿನ ಲಿಫ್ಟಿನಲ್ಲಿ ನನ್ನ ಭುಜ ತಟ್ಟಿ, "ಬೇಚ್ ಡಾಲೋ, ರಾವ್‌ಸಾಬ್. ತಬಿಯತ್ ಸೇ ಬಢ್‌ಕರ್ ಕುಛ್ ನಹೀಂ" ಎಂದು ಕಾರು ಮಾರಲು ಸಲಹೆ ಕೊಟ್ಟರು. ಆರೋಗ್ಯಕ್ಕಿಂತ ಹೆಚ್ಚಿನದಿಲ್ಲವಂತೆ; ಯಾರ ಆರೋಗ್ಯ ಎಂದು ಹೇಳಲಿಲ್ಲ.

ನನ್ನ ಮೆಕ್ಯಾನಿಕ್ ಸಲೀಂಭಾಯಿಯ ಗ್ಯಾರೇಜು ಜೋಗೇಶ್ವರಿಯಲ್ಲಿದೆ. ದಾರಿಯುದ್ದಕ್ಕೂ ನಿಂತಲ್ಲೆಲ್ಲ ಕೆಂಪಗೆ ಉರಿದ ದೀಪ, ಗ್ಯಾರೇಜಿನ ಮುಂದೆ ಬಂದ ಕೂಡಲೆ ಆರಿಹೋಯಿತು. ಡಾಕ್ಟರ ಮುಂದೆ ಕೂತಾಗ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. ಸಲೀಂಭಾಯಿ ಸಂಶಯಕ್ಕೆ ಎಡೆಗೊಡುವವನಲ್ಲ. ಮೊದಲು ಥರ್ಮೋಸ್ಟ್ಯಾಟ್ ಬದಲಾಯಿಸಿದ. ಮುಂದಿನ ಸಲ ಸೆನ್ಸರ್ ಬದಲಾಯಿಸಿದ. ಅದರ ಮುಂದಿನ ಸಲ ರೇಡಿಯೇಟರಿನ ಮುಚ್ಚಳ. ನಾಲ್ಕನೆಯ ಸಲ ಹೋದಾಗ ಕೈ ಒರೆಸಿಕೊಳ್ಳುತ್ತ ಪ್ರೀತಿಯಿಂದ ಕೇಳಿದ: "ಸಾಬ್, ಬಲ್ಬ್ ಹೀ ನಿಕಾಲ್ ದೂಂ? ಟೆನ್ಶನ್ ಖತಮ್."

ನಾನು ಒಂದು ನಿಮಿಷ ನಿಜವಾಗಿ ಯೋಚಿಸಿದೆ. ಬಲ್ಬು ತೆಗೆದರೆ ದೀಪವಿಲ್ಲ, ದೀಪವಿಲ್ಲದಿದ್ದರೆ ಚಿಂತೆಯಿಲ್ಲ. ಆದರೆ ನಮ್ಮ ಆಫೀಸಿನಲ್ಲಿ ನನ್ನ ಬಗ್ಗೆಯೂ ಯಾರಾದರೂ ಇದೇ ಮಾತು ಆಡಿರಬಹುದು ಎಂದು ಹೊಳೆದು, ಬೇಡವೆಂದೆ. ಹಾಗಾದರೆ ದೀಪ ಹೊತ್ತಿದಾಗ ಹೀಟರ್ ಹಾಕಿಕೊಳ್ಳಿ, ಇಂಜಿನ್ನಿನ ಬಿಸಿ ಒಳಗೆ ಬಂದುಬಿಡುತ್ತದೆ ಎಂದು ಅವನು ಉಪಾಯ ಹೇಳಿಕೊಟ್ಟ.

ಹೀಗೆ ಮೇ ತಿಂಗಳಲ್ಲಿ, ಮುಂಬಯಿಯಲ್ಲಿ, ನಾವು ಹೀಟರ್ ಹಾಕಿಕೊಂಡು ಕಾಫಿಪುಡಿ ತರಲು ಹೋದೆವು. ಸುಧಾ ಒದ್ದೆ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಕಿಟಕಿಯಾಚೆ ತಲೆಹಾಕಿ ಕೂತಳು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಟ್ಯಾಕ್ಸಿಯವನು ಅವಳನ್ನು ಮರುಕದಿಂದಲೂ ನನ್ನನ್ನು ಬೇರೆ ರೀತಿಯಲ್ಲೂ ನೋಡಿದ. ಒಂದು ಸಮಾಧಾನವಿತ್ತು: ಹೀಟರ್ ಹಾಕಿದಾಗ ಕಾರಿನೊಳಗೆ ಹೋಮ ಮಾಡಿದ ಮನೆಯ ಹಾಗೆ ಒಂದು ವಾಸನೆ ಬರುತ್ತಿತ್ತು. ದೇವರು ನಮ್ಮ ಕೈ ಬಿಟ್ಟಿಲ್ಲ ಎಂದುಕೊಂಡೆ. ಮಳೆಗಾಲ ಬಂದ ಮೇಲೆ ಗಾಡಿಯನ್ನು ಹೊರಗೆ ತೆಗೆಯುವುದನ್ನೇ ಬಿಟ್ಟೆ.

ಮೆಹ್ತಾಭಾಯಿಗೆ ಬೇಕಾದದ್ದೂ ಅದೇ. ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ ಸೊಸೈಟಿಯ ಸೆಕ್ರೆಟರಿ ಸಾವಂತರು ಬಂದು ಬಾಗಿಲು ತಟ್ಟಿದರು. ನನ್ನ ಗಾಡಿ ಓಡುವುದಿಲ್ಲವೆಂದು ದೂರು ಬಂದಿದೆಯಂತೆ. "ಚಲಾ ರಾವ್‌ಸಾಹೇಬ್, ಏಕ್ ಚಕ್ಕರ್ ಮಾರೂಯಾ" ಎಂದರು. ಒಂದು ಸುತ್ತು ಹೋಗಿಬಂದರೆ ಅವರಿಗೆ ಸಾಕು. ಹಾಗೆಯೇ ಸ್ಟೇಷನ್ ಹತ್ತಿರ ಅವರು ರಿಪೇರಿಗೆ ಕೊಟ್ಟ ಚಪ್ಪಲಿಯನ್ನೂ ತರಬಹುದು. ಸುಧಾ ಕರಿಬೇವು ಬೇಕೆಂದು ಹಿಂದಿನ ಸೀಟಿನಲ್ಲಿ ಕೂತಳು. ನನ್ನ ಜಾಗ ಉಳಿಯುವುದೋ ಹೋಗುವುದೋ ಎಂಬುದು ಒಬ್ಬ ಮನುಷ್ಯನ ಚಪ್ಪಲಿಯವರೆಗಿನ ಪ್ರಯಾಣದ ಮೇಲೆ ನಿಂತಿತ್ತು. ನನಗೆ ನಿಜವಾಗಿಯೂ ಭಯವಾಗಿತ್ತು.

ಭಾನುವಾರ ಸಂಜೆ ಘಾಟ್ಕೋಪರ್ ಸ್ಟೇಷನ್ ರಸ್ತೆಯಲ್ಲಿ ರಸ್ತೆಯೊಂದನ್ನು ಬಿಟ್ಟು ಎಲ್ಲವೂ ಇರುತ್ತದೆ. ಗಾಡಿ ನಿಂತಿತು, ದೀಪ ಹೊತ್ತಿತು. ಸಾವಂತರಿಗೆ ಕಾಣದಂತೆ ಎಡಗೈಯನ್ನು ಅಡ್ಡ ಹಿಡಿದು, ಮೆಲ್ಲಗೆ ಹೀಟರ್ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಅವರು ಕೊರಳ ಗುಂಡಿ ಬಿಚ್ಚಿ, "ಏಸೀ ಲಾವಾ ನಾ" ಎಂದರು. "ಲಾವಲಾಯ್," ಹಾಕಿದ್ದೇನೆ ಎಂದೆ. ಏನೋ ಒಂದನ್ನು ಹಾಕಿದ್ದಂತೂ ನಿಜ. ಅವರು ಬೆವರು ಒರೆಸಿಕೊಂಡು ಮೂಗರಳಿಸಿ, ಇಲ್ಲೆಲ್ಲಾದರೂ ಪೂಜೆ ನಡೆದಿದೆಯೇ, ವಾಸನೆ ಬರುತ್ತಿದೆಯಲ್ಲ ಎಂದರು. ನಾನು ಎದುರಿನ ಗುಡಿಯ ಕಡೆ ಕೈ ತೋರಿಸಿದೆ.

ಈ ಸಲ ಸುಧಾಳ ಬಳಿ ಒದ್ದೆ ಟವೆಲು ಇರಲಿಲ್ಲ. ಮುಂದೆ ಬಾಗಿದಳು. ಕ್ಲಾಸಿನಲ್ಲಿ ಯಾರು ಗಂಟೆ ಹೊಡೆಯುವ ಮೊದಲೇ ಡಬ್ಬಿ ತೆಗೆದರು ಎಂದು ವಾಸನೆಯಿಂದಲೇ ಹಿಡಿಯುವ ಮೂಗು ಅವಳದು.

"ಇದು ಉದಿನಕಡ್ಡಿ ಅಲ್ರೀ, ನಿರ್ಮಾಲ್ಯದ ವಾಸನಿ," ಎಂದಳು. ಬಾನೆಟ್ಟಿನ ಕಡೆ ನೋಡಿ ಕೇಳಿದಳು: "ವರ್ಷಾ ದಸರಾಕ್ಕ ಗಾಡಿ ಮುಂದ ಹಾರಾ ಕಟ್ಟತೀರಲ್ಲಾ, ಅದನ್ನ ಎಂದರ ಬಿಚ್ಚೀರೇನು?"

ನಾನು ಉತ್ತರ ಹೇಳುವ ಮೊದಲೇ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಸಾವಂತರು ಇಳಿದು, ದಸರಾವರೆಗೆ ಸಮಯ ಕೊಡುತ್ತೇನೆ ಎಂದು ಹೇಳಿ ಚಪ್ಪಲಿಯ ಕಡೆಗೆ ನಡೆದುಹೋದರು.

ಬಿಚ್ಚಿರಲಿಲ್ಲ. ದೇವರಿಗೆ ಏರಿಸಿದ ಹೂವನ್ನು ಕಸದ ಬುಟ್ಟಿಗೆ ಹಾಕಬಾರದು, ತುಳಿಯಬಾರದು ಎಂದು ನಮ್ಮ ಮನೆಯಲ್ಲಿ ಹೇಳಿಕೊಟ್ಟಿದ್ದರು. ಅದಕ್ಕೇ ಆಯುಧಪೂಜೆಯ ಹಾರವನ್ನು ಕಾರಿನ ಮುಂದಿನ ಜಾಲರಿಗೆ ತಂತಿಯಿಂದ ಬಿಗಿಯಾಗಿ ಕಟ್ಟುತ್ತಿದ್ದೆ, ಮತ್ತೆ ಮುಟ್ಟುತ್ತಿರಲಿಲ್ಲ. ಅದು ಒಣಗುತ್ತಿತ್ತು, ಉದುರುತ್ತಿತ್ತು, ಒಂದು ದಿನ ಇರುತ್ತಿರಲಿಲ್ಲ. ಎಲ್ಲಿಗೆ ಹೋಯಿತು ಎಂದು ನಾನು ಕೇಳಿದವನಲ್ಲ. ಆಫೀಸಿನಲ್ಲಿ ಒಂದು ಸ್ಟೇಪ್ಲರ್ ಕಾಣದಿದ್ದರೆ ಮೂರು ವಿಭಾಗಗಳಿಗೆ ಪತ್ರ ಬರೆಯುವವನು ನಾನು.

ಗಾಡಿಯನ್ನು ಜೋಗೇಶ್ವರಿಗೆ ಎಳೆಸಿಕೊಂಡು ಹೋದೆವು. ಸಲೀಂಭಾಯಿ ಮುಂಭಾಗ ಬಿಚ್ಚಿದ. ಏಸಿಯ ಜಾಲರಿಗೂ ರೇಡಿಯೇಟರಿಗೂ ನಡುವೆ ಗಾಳಿ ಓಡಾಡಬೇಕಾದ ಸಂದಿಯಲ್ಲಿ ನನ್ನ ಇಷ್ಟು ವರ್ಷಗಳ ಭಕ್ತಿ ಗಟ್ಟಿಯಾಗಿ ಕೂತಿತ್ತು. ಚೆಂಡುಹೂವಿನ ಎಸಳು, ಮಾವಿನೆಲೆ, ಬಾಳೆಯ ನಾರು, ಜರಿಯ ಚೂರು, ಮೆಣಸಿನ ಕಾಳಿನಷ್ಟು ಕಪ್ಪಗೆ ಒಣಗಿದ ಒಂದು ನಿಂಬೆಹಣ್ಣು. "ಮೈಂನೇ ಬೋಲಾ ಥಾ ನಾ ಸಾಬ್, ಹವಾ ಕಾ ಪ್ರಾಬ್ಲಮ್ ಹೈ" ಎಂದ ಸಲೀಂಭಾಯಿ. ಗಾಳಿಯ ತೊಂದರೆ ಎಂದು ಅವನು ಎಂದೂ ಹೇಳಿರಲಿಲ್ಲ. ಸುಧಾ ಹಳೆಯ ಟೂತ್‌ಬ್ರಶ್ಶಿನಿಂದ ಎಲ್ಲವನ್ನೂ ಬಿಡಿಸಿ ಚೀಲಕ್ಕೆ ತುಂಬಿದಳು. ವಾಪಸು ಬರುವಾಗ ಗುಡಿಯ ಪಕ್ಕದಲ್ಲಿ ದೇವರ ಹಳೆಯ ಹೂವಿಗೆಂದೇ ಇಟ್ಟಿದ್ದ ನಿರ್ಮಾಲ್ಯ ಕಲಶದಲ್ಲಿ ಅದನ್ನು ಹಾಕಿ ಕೈ ಮುಗಿದೆ. ಅದರ ಇಂಜಿನ್ ಆಯಿಲಿನ ವಾಸನೆಗೆ ಗುಡಿಯ ಕಾವಲುಗಾರ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಮರುವಾರ ಸಾವಂತರು ಮತ್ತೆ ಗಾಡಿಯಲ್ಲಿ ಕೂತರು. ಅದೇ ರಸ್ತೆ, ಅದೇ ಜನ. ದೀಪ ಹೊತ್ತಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಚಳಿಯಾಗುತ್ತಿದೆ, ಏಸಿ ಕಡಿಮೆ ಮಾಡಿ ಎಂದರು. ಅಷ್ಟು ಇಂಪಾದ ಮಾತನ್ನು ನಾನು ಈಚೆಗೆ ಕೇಳಿರಲಿಲ್ಲ. ಜಾಗ ನನಗೇ ಉಳಿಯಿತು. ಮೆಹ್ತಾಭಾಯಿ ಲಿಫ್ಟಿನಲ್ಲಿ ಸಂತಾಪ ಸೂಚಿಸುವವರ ಹಾಗೆ ನನ್ನ ಕೈ ಹಿಡಿದು ಅಭಿನಂದಿಸಿದರು.

ದಸರಾ ಬಂತು. ಅಷ್ಟರಲ್ಲಿ ಮೆಹ್ತಾಭಾಯಿ ಜಾಗವಿಲ್ಲದಿದ್ದರೂ ಹೊಸ ಕಾರು ಕೊಂಡು, ರಸ್ತೆಯಲ್ಲಿ ಕಾಗೆಗಳ ಕೆಳಗೆ ನಿಲ್ಲಿಸಿದ್ದರು. ಬೆಳಗ್ಗೆ ನಾನು ನಮ್ಮ ಗಾಡಿಯನ್ನು ತೊಳೆದು ಕುಂಕುಮವಿಟ್ಟು, ನೀರು ಆರಲೆಂದು ಗೇಟಿನಾಚೆ ನಿಲ್ಲಿಸಿದ್ದಾಗ ಅವರು ಬಂದರು. ಪೂಜೆಗೆ ನೆರಳು ಬೇಕು, ಐದೇ ನಿಮಿಷ ನಿಮ್ಮ ಜಾಗದಲ್ಲಿ ನಿಲ್ಲಿಸಿಕೊಳ್ಳಲೇ ಎಂದರು. ಹಬ್ಬದ ದಿನ ಇಲ್ಲವೆನ್ನಲಾಗಲಿಲ್ಲ. ಆಮೇಲೆ ಮಾರುದ್ದದ ಚೆಂಡುಹೂವಿನ ಹಾರವನ್ನು ನನ್ನ ಕೈಗಿತ್ತು, "ಆಪ್ ಸೌಥ್‌ವಾಲೇ ಹಾರ್ ಬಹುತ್ ಅಚ್ಛಾ ಬಾಂಧ್ತೇ ಹೈಂ" ಎಂದು ದಕ್ಷಿಣದವರು ಹಾರ ಕಟ್ಟುವುದನ್ನು ಹೊಗಳಿದರು.

ಹೊಸ ಕಾರಿನ ಜಾಲರಿ ವಿಶಾಲವಾಗಿತ್ತು. ನಾನು ಮಂಡಿಯೂರಿ ಕಟ್ಟತೊಡಗಿದೆ. ಮೊದಲನೇ ಮಹಡಿಯ ಕಿಟಕಿಯಿಂದ ಸುಧಾ ಕೂಗಿದಳು: "ಸಡಲ ಕಟ್ರೀ! ಸಂಜೀಕ ಬಿಚ್ಚಬೇಕಂತ ಹೇಳ್ರಿ ಅವರಿಗೆ!"

"ಭಾಭೀ ಕ್ಯಾ ಬೋಲ್ ರಹೀ ಹೈ?" ಎಂದರು ಮೆಹ್ತಾಭಾಯಿ.

ಇದು ದೇವರ ಹೂವು, ತಾನಾಗಿ ಉದುರುವವರೆಗೆ ಕೈ ಹಚ್ಚಬಾರದಂತೆ, ಎಂದು ಹಿಂದಿಯಲ್ಲಿ ಹೇಳಿದೆ. ಅವರು ಮೇಲೆ ನೋಡಿ ಭಕ್ತಿಯಿಂದ ಕೈ ಮುಗಿದರು. ನಾನು ಇನ್ನೆರಡು ಗಂಟು ಹೆಚ್ಚಾಗಿ ಹಾಕಿದೆ.

ಸುಧಾಗೆ ನನಗಿಂತ ಚೆನ್ನಾಗಿ ಹಿಂದಿ ಬರುತ್ತದೆ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಸಂಜೆ ಅವಳು ಕತ್ತರಿಯನ್ನು ತಂದು ನನ್ನ ಕೈಯಲ್ಲಿಟ್ಟಳು. ಮೆಹ್ತಾಭಾಯಿಯ ಕಾರು ಇನ್ನೂ ನನ್ನ ಜಾಗದಲ್ಲೇ ಇತ್ತು, ನನ್ನದು ರಸ್ತೆಯಲ್ಲಿ, ಕಾಗೆಗಳ ಕೆಳಗೆ. ಅವರ ಕಾರಿನ ಮುಂದೆ ಮಂಡಿಯೂರಿ, ಹಾರವನ್ನು ಬಿಡಿಸುತ್ತ ಬಹಳ ಹೊತ್ತು ಕೂತೆ. ಗಂಟುಗಳು ತುಂಬಾ ಬಿಗಿಯಾಗಿದ್ದವು.