ಚಿಕ್ಕಮ್ಮನ ಪುಕ್ಕಟೆ ಅಟ್ಟಗಳು

ನಮ್ಮ ಚಿಕ್ಕಮ್ಮನಿಗೆ ಡೊಂಬಿವಲಿಯಲ್ಲಿರುವುದು ಎರಡು ಕೋಣೆಯ ಒಂದು ಮನೆ; ಅಟ್ಟಗಳು ಮಾತ್ರ ಹತ್ತೊಂಬತ್ತು! ನಂಬುವುದಿಲ್ಲ ಅಲ್ಲವೇ? ಬೇಡ, ನಂಬಬೇಡಿ. ಆದರೆ ಆ ಹತ್ತೊಂಬತ್ತರಲ್ಲಿ ಎರಡು ನನ್ನ ಹೆಸರಿನಲ್ಲಿವೆ, ಒಂದು ನನ್ನ ಗಂಡನ ಹೆಸರಿನಲ್ಲಿದೆ, ಇನ್ನೊಂದು ಅವರ ಸೊಸೈಟಿಯ ವಾಚ್‌ಮನ್ ಹೆಸರಿನಲ್ಲಿದೆ. ಒಂದು ದಿನ ಗೇಟಿನ ಹತ್ತಿರ ನಿಲ್ಲಿಸಿ ತನ್ನ ಫೋನಿಗೆ ಬಂದ ಆರು ಅಂಕಿಗಳನ್ನು ಈ ಅಜ್ಜಿ ಯಾಕೆ ಓದಿಸಿಕೊಂಡರು ಎಂಬುದು ಆ ಪಾಪದವನಿಗೆ ಇವತ್ತಿಗೂ ತಿಳಿಯದು.

ವಿಷಯ ಇಷ್ಟೇ. ಇಂಟರ್ನೆಟ್ಟಿನಲ್ಲಿ ಒಂದು ಖಾತೆ ತೆರೆದರೆ ಫೋಟೋ, ವಿಡಿಯೋ, ಕಾಗದಪತ್ರ ಇಟ್ಟುಕೊಳ್ಳಲು ಹದಿನೈದು ಜಿಬಿ ಜಾಗ ಪುಕ್ಕಟೆ ಸಿಗುತ್ತದಲ್ಲ, ಅದಕ್ಕೆ ಲೋಕವೆಲ್ಲ ಕ್ಲೌಡ್ ಅನ್ನುತ್ತದೆ. ಚಿಕ್ಕಮ್ಮ ಅಟ್ಟ ಅನ್ನುತ್ತಾರೆ. ಜಾಗ ತುಂಬಿದರೆ ನೀವು ನಾವೆಲ್ಲ ಏನು ಮಾಡುತ್ತೇವೆ? ಒಂದಷ್ಟು ಅಳಿಸುತ್ತೇವೆ, ಇಲ್ಲವೇ ದುಡ್ಡು ಕಟ್ಟುತ್ತೇವೆ. ಚಿಕ್ಕಮ್ಮ ಎರಡನ್ನೂ ಮಾಡುವವರಲ್ಲ. ಅವರು ಇನ್ನೊಬ್ಬ ನೆಂಟರನ್ನು ಹಿಡಿಯುತ್ತಾರೆ. ನೆಂಟರ ಹೆಸರು, ನೆಂಟರ ಫೋನ್ ನಂಬರು, ಹೊಸ ಖಾತೆ, ಮತ್ತೆ ಹದಿನೈದು ಜಿಬಿ. ಉಡುಪಿಯ ಕಡೆಯ ದೊಡ್ಡ ಕುಟುಂಬದಲ್ಲಿ ಹುಟ್ಟಿದ್ದರ ನಿಜವಾದ ಲಾಭ ಪಡೆದವರು ಯಾರಾದರೂ ಇದ್ದರೆ ಅದು ಇವರೇ.

ನನ್ನ ಮಗಳು ಹುಟ್ಟಿದ ಎಂಟನೇ ದಿನಕ್ಕೆ ಚಿಕ್ಕಮ್ಮ ಆಸ್ಪತ್ರೆಯವರಿಗಿಂತ ಹೆಚ್ಚಾಗಿ ನನ್ನನ್ನು ವಿಚಾರಿಸಿಕೊಂಡರು. ಹೆಸರು ಏನಿಡುತ್ತೀರಿ, ಬೇಗ ಹೇಳಿ ಎಂದು ಒಂದೇ ಸಮನೆ ಫೋನು. ಮೊಮ್ಮಗಳ ಮೇಲೆ ಎಂಥ ಪ್ರೀತಿ ಎಂದು ನನ್ನ ಕಣ್ಣು ಒದ್ದೆಯಾಯಿತು. ಹೆಸರು ಹೇಳಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಫೋನು ಬಂತು.

"ಆ ಹೆಸರು ಸಿಕ್ಕುದಿಲ್ಲ ಮಾರಾಯ್ತಿ. ಯಾರೋ ಮೊದಲೇ ತಕೊಂಡಿದ್ದಾರೆ. ಬೇರೆ ಎಂತಾದರೂ ಇಡಿ."

ಖಾತೆಗೆ ಆ ಹೆಸರು ಸಿಗುತ್ತಿಲ್ಲವೆಂದು ಮಗುವಿನ ಹೆಸರನ್ನೇ ಬದಲಾಯಿಸಲು ಹೇಳಿದ ಮಹಾತಾಯಿ ಇವರು! ನಾನು ಒಪ್ಪಲಿಲ್ಲ. ಕೊನೆಗೆ ಹೆಸರಿನ ಮುಂದೆ ೪೭ ಎಂದು ಸೇರಿಸಿ ಸುಧಾರಿಸಿಕೊಂಡರು. ನಾಮಕರಣದ ದಿನ ಎಲ್ಲರೂ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ಚಿಕ್ಕಮ್ಮ ಬಗ್ಗಿ ಸ್ವಲ್ಪ ಹೆಚ್ಚು ಹೊತ್ತು ಏನೋ ಹೇಳಿದರು. ನಲವತ್ತೇಳನ್ನೂ ಸೇರಿಸಿಯೇ ಹೇಳಿದರೆಂದು ನನ್ನ ಗಟ್ಟಿ ಅನುಮಾನ.

ಇನ್ನು ಓಟಿಪಿಯ ಕತೆ. ಖಾತೆ ತೆರೆಯುವಾಗ, ಹೊಸ ಫೋನಿನಿಂದ ಒಳಗೆ ಹೋಗುವಾಗ, ಗುಪ್ತ ಸಂಖ್ಯೆಯೊಂದು ಆ ನೆಂಟರ ಫೋನಿಗೆ ಬರುತ್ತದೆ. ಚಿಕ್ಕಮ್ಮನಿಗೆ ಅಟ್ಟ ಹತ್ತುವ ಹುರುಪು ಬರುವುದು ಬೆಳಿಗ್ಗೆ ಎಂಟೂಕಾಲಿಗೆ. ನಾನಾಗ ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ಒಂದು ಕಾಲಿನ ಮೇಲೆ ನಿಂತಿರುತ್ತೇನೆ. ಇನ್ನೊಂದು ಕಾಲು ಎಲ್ಲಿದೆಯೆಂದು ಥಾಣೆ ಬಂದ ಮೇಲೆಯೇ ಗೊತ್ತಾಗುವುದು. ಅಂಥಾದ್ದರಲ್ಲಿ ಫೋನು. ಒಮ್ಮೆ ಹೇಗೋ ಕೈ ಬಿಡಿಸಿಕೊಂಡು ಆರು ಅಂಕಿಗಳನ್ನು ಒಂದೊಂದಾಗಿ ಕೂಗಿ ಹೇಳಿದೆ. ಪಕ್ಕದಲ್ಲಿದ್ದವಳು ಗಾಬರಿಯಿಂದ ನನ್ನ ಫೋನನ್ನೇ ಕಿತ್ತುಕೊಂಡಳು. ಓಟಿಪಿ ಕೇಳಿ ತನ್ನ ಮೈದುನನಿಗೆ ಹೇಗೆ ಮೋಸ ಮಾಡಿದರೆಂದು ಮುಂಬ್ರಾದಿಂದ ಥಾಣೆಯವರೆಗೆ ವಿವರಿಸಿದಳು. ಇಡೀ ಡಬ್ಬಿ ನನಗೆ ಛೀಮಾರಿ ಹಾಕಿತು. ಆ ಕಡೆ ಇರುವ ವಂಚಕಿ ನನ್ನ ಸ್ವಂತ ಚಿಕ್ಕಮ್ಮ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಪಾಪ, ಎಲ್ಲಕ್ಕಿಂತ ಹೆಚ್ಚು ಅನುಭವಿಸಿದವರು ಚಿಕ್ಕಪ್ಪ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಅವರು ಮಿತಭಾಷಿ. ಒಂದು ಮಾತು ಕೇಳಿದರೆ ಎರಡನೆಯದು ಕೇಳುವವರಲ್ಲ. ಒಂದು ಭಾನುವಾರ ಪಿಂಚಣಿಯ ಕಾಗದ ಎಲ್ಲಿದೆ ಎಂದು ಕೇಳಿದ್ದಾರೆ. ಅಡುಗೆಮನೆಯಿಂದ ಚಿಕ್ಕಮ್ಮ, "ಅಟ್ಟದಲ್ಲಿ ಉಂಟಲ್ಲ" ಎಂದಿದ್ದಾರೆ. ಇವರು ಸುಮ್ಮನೆ ಏಣಿ ಹಾಕಿ ಬಚ್ಚಲುಮನೆಯ ಮೇಲಿನ ಅಟ್ಟ ಹತ್ತಿದರು. ಎರಡು ಗಂಟೆ ಹುಡುಕಿದರು. ಇಳಿದು ಬಂದಾಗ ಕೈಯಲ್ಲಿ ಒಂದು ಕಡೆಗೋಲು, ಮಗ ಎರಡನೇ ಇಯತ್ತೆಯಲ್ಲಿದ್ದಾಗಿನ ಪ್ರಗತಿಪತ್ರ ಮತ್ತು ತಲೆಯ ಮೇಲೆ ಜೇಡರ ಬಲೆ. ಚಿಕ್ಕಮ್ಮ ಮೊದಲು ಮಾಡಿದ ಕೆಲಸವೆಂದರೆ ಪ್ರಗತಿಪತ್ರದ ಫೋಟೋ ತೆಗೆದು ಅದನ್ನೂ ಅಟ್ಟಕ್ಕೆ ಹಾಕಿದ್ದು!

ಇಷ್ಟು ಅಟ್ಟಗಳಿಗೆ ಇಷ್ಟು ಪಾಸ್‌ವರ್ಡ್ ಬೇಡವೇ? ಅವುಗಳನ್ನು ಬರೆದಿಡಲು ಹಳೆಯ ಡೈರಿಯೊಂದಿದೆ. ಡೈರಿ ಕಳೆದುಹೋದರೆ? ಚಿಕ್ಕಮ್ಮ ಅದಕ್ಕೂ ತಯಾರು. ಡೈರಿಯ ಪುಟಗಳನ್ನೆಲ್ಲ ಫೋಟೋ ತೆಗೆದು ಏಳನೇ ಅಟ್ಟದಲ್ಲಿ ಇಟ್ಟಿದ್ದಾರೆ. ಏಳನೇ ಅಟ್ಟದ ಪಾಸ್‌ವರ್ಡ್ ಎಲ್ಲಿದೆ ಎಂದು ಕೇಳಿದೆ. ಡೈರಿಯಲ್ಲಿ, ಎಂದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಚಹಾ ಮಾಡಲು ಎದ್ದು ಹೋದರು.

ನಗುತ್ತೇವೆ, ಆದರೆ ಇದಕ್ಕೊಂದು ಕಾರಣವಿದೆ. ಮೊದಲು ಅವರು ನೆಲಮಹಡಿಯಲ್ಲಿದ್ದರು. ಒಂದು ಮಳೆಗಾಲದಲ್ಲಿ ನೀರು ಮನೆಯೊಳಗೆ ಸೊಂಟದವರೆಗೆ ಬಂತು. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಆಲ್ಬಮ್ಮುಗಳು ಮುದ್ದೆಯಾಗಿ ಹೋದವು. ಮದುವೆಯ ಫೋಟೋಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಮುಖಗಳೇ ಎದ್ದು ಬಂದವಂತೆ. ಮನೆಯ ಫ್ರಿಜ್ಜು ಹಾಳಾದದ್ದನ್ನು ಚಿಕ್ಕಮ್ಮ ಒಂದು ದಿನವೂ ನೆನೆದವರಲ್ಲ. ಆ ಮುಖಗಳನ್ನು ಮಾತ್ರ ಈಗಲೂ ಒಂದೊಂದಾಗಿ ಎಣಿಸುತ್ತಾರೆ.

ಹತ್ತೊಂಬತ್ತು ಅಟ್ಟಗಳಲ್ಲಿ ಒಂದು ನನ್ನ ಅಮ್ಮನ ಹೆಸರಿನಲ್ಲಿತ್ತು. ಅಮ್ಮ ಎಂದರೆ ಚಿಕ್ಕಮ್ಮನ ಅಕ್ಕ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಡೊಂಬಿವಲಿಗೆ ಬಂದವರು. ಅಮ್ಮನಿಗೆ ಕೊನೆಗಾಲದಲ್ಲಿ ಫೋಟೋ ತೆಗೆಯುವ ಹುಚ್ಚು ಹತ್ತಿತ್ತು. ಕೈ ನಡುಗುತ್ತಿತ್ತು, ಕ್ಯಾಮೆರಾದ ಕಣ್ಣು ಎಲ್ಲಿದೆಯೆಂಬ ಅಂದಾಜೂ ಇರಲಿಲ್ಲ. ತುಳಸಿಗಿಡದ ಫೋಟೋ ತೆಗೆದರೆ ಮುಕ್ಕಾಲು ಪಾಲು ಅವಳ ಹೆಬ್ಬೆರಳು, ಮೂಲೆಯಲ್ಲಿ ನಾಲ್ಕು ಎಲೆ. ಮೊಮ್ಮಗಳ ಹುಟ್ಟುಹಬ್ಬ: ಹೆಬ್ಬೆರಳು, ಒಂದು ಮೋಂಬತ್ತಿ. ಎಲ್ಲವನ್ನೂ ತಂಗಿಗೆ ಕಳಿಸುವಳು. ತಂಗಿ ಒಂದನ್ನೂ ಬಿಡದೆ ಅಕ್ಕನ ಅಟ್ಟಕ್ಕೆ ಏರಿಸುವರು.

ಅಮ್ಮ ಹೋಗಿ ಎರಡು ವರ್ಷ ಕಳೆಯಿತು. ಅವಳ ಫೋನನ್ನು ನಾನೇ ಎಕ್ಸ್‌ಚೇಂಜಿಗೆ ಕೊಟ್ಟೆ. ಆ ನಂಬರಿಗೆ ಇನ್ನು ಯಾರು ಕರೆ ಮಾಡುತ್ತಾರೆ ಎಂದು ರಿಚಾರ್ಜ್ ನಿಲ್ಲಿಸಿದವಳೂ ನಾನೇ. ಆ ದಿನಗಳಲ್ಲಿ ಅದೆಲ್ಲ ಬೇಗ ಮುಗಿದರೆ ಸಾಕು ಅನ್ನಿಸಿತ್ತು.

ಮೊನ್ನೆ ಚಿಕ್ಕಮ್ಮ ಡೈರಿ ಹಿಡಿದು ನಮ್ಮ ಮನೆಗೆ ಬಂದರು. ಎರಡು ವರ್ಷದಿಂದ ಯಾರೂ ತೆರೆಯದ ಕಾರಣ ಅಮ್ಮನ ಖಾತೆಯನ್ನು ಅದರೊಳಗಿನ ಎಲ್ಲದರ ಸಮೇತ ಅಳಿಸಲಾಗುವುದು, ಇನ್ನು ಹನ್ನೊಂದು ದಿನ ಮಾತ್ರ ಉಂಟು ಎಂದು ಅವರ ಸ್ವಂತ ಖಾತೆಗೆ ಮೇಲ್ ಬಂದಿತ್ತು. ಅಕ್ಕನ ಅಟ್ಟ ಹತ್ತಲು ಅವರಿಗೆ ಇಷ್ಟು ದಿನ ಮನಸ್ಸೇ ಬಂದಿರಲಿಲ್ಲವಂತೆ. ಈಗ ಪಾಸ್‌ವರ್ಡ್ ಸರಿಯಿದೆ, ಆದರೆ ಚಿಕ್ಕಮ್ಮನ ಫೋನು ಹೊಸತು. ನೀವು ನೀವೇ ಹೌದೋ ಎಂದು ನೋಡಲು ಗುಪ್ತ ಸಂಖ್ಯೆ ಕಳಿಸುತ್ತೇವೆ ಎಂದು ಆ ಖಾತೆ ಹೇಳುತ್ತಿತ್ತು. ಎಲ್ಲಿಗೆ? ಅಮ್ಮನ ನಂಬರಿಗೆ. ನಾನು ಬಿಟ್ಟುಕೊಟ್ಟ ನಂಬರಿಗೆ!

ನನಗೆ ಒಳಗೊಳಗೇ ಚುರುಕ್ಕೆಂದಿತು. ತಪ್ಪು ನನ್ನದಾದಾಗ ನಾನು ರೇಗುತ್ತೇನೆ, ಅದು ನನ್ನ ಸ್ವಭಾವ. ಹೋಗಲಿ ಬಿಡಿ, ಅದರಲ್ಲಿ ಏನಿದೆ, ಬರೀ ಅಮ್ಮನ ಹೆಬ್ಬೆರಳು ತಾನೇ ಎಂದುಬಿಟ್ಟೆ.

ಚಿಕ್ಕಮ್ಮ ಡೈರಿ ಮುಚ್ಚಿದರು. "ಹೌದು, ಹೆಬ್ಬೆರಳೇ. ಅದು ಬೇರೆ ಎಲ್ಲಿಯಾದರೂ ಸಿಕ್ತದಾ?"

ಅವರು ಅಲ್ಲೇ ಕೂತು ತಮ್ಮ ಫೋನಿನಿಂದ ಅಮ್ಮನ ನಂಬರಿಗೆ ಕರೆ ಮಾಡಿದರು. ಕಂಪನಿಯವರು ಅದನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು; ಒಬ್ಬ ಹೆಂಗಸು ಎತ್ತಿದಳು, ಮರಾಠಿಯವಳು, ಘಣಸೋಲಿಯವಳಂತೆ. ಚಿಕ್ಕಮ್ಮ ತಮ್ಮ ನಲವತ್ತು ವರ್ಷದ ಮರಾಠಿಯಲ್ಲಿ ಎಲ್ಲವನ್ನೂ ವಿವರಿಸಿ, ಈಗ ಒಂದು ಸಂಖ್ಯೆ ಬರುತ್ತದೆ, ಓದಿ ಹೇಳಿ ಎಂದರು. ಅವಳು ಖಡಾಖಂಡಿತವಾಗಿ ಇಲ್ಲ ಅಂದಳು. ಓಟಿಪಿ ಯಾರಿಗೂ ಕೊಡಬಾರದೆಂದು ಬ್ಯಾಂಕಿನವರು ಹೇಳಿದ್ದಾರೆ, ನೀವು ಯಾರೆಂದು ನನಗೇನು ಗೊತ್ತು ಎಂದು ಫೋನಿಟ್ಟಳು. ಚಿಕ್ಕಮ್ಮನಿಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಅವರ ಮುಖ ಅರಳಿತ್ತು. ಎಷ್ಟು ಜಾಗ್ರತೆಯ ಹೆಂಗಸು, ನಂಬರು ಒಳ್ಳೆಯವರ ಕೈ ಸೇರಿದೆ ಎಂದು ಅವಳನ್ನೇ ಹೊಗಳಿದರು. ನನ್ನಂತೆ ಟ್ರೇನಿನಲ್ಲಿ ಕೂಗಿ ಹೇಳುವವಳಲ್ಲವಂತೆ!

ಮರುದಿನ ಮತ್ತೆ ಕರೆ ಮಾಡಿ, ಬಂದು ಕಾಣಬಹುದೇ ಎಂದು ಕೇಳಿ ವಿಳಾಸ ಪಡೆದರು. ಭಾನುವಾರ ನಾವಿಬ್ಬರೂ ಥಾಣೆಯಲ್ಲಿ ಟ್ರೇನು ಬದಲಿಸಿ ಘಣಸೋಲಿಯಲ್ಲಿ ಇಳಿದೆವು. ಹಳೆಯ ಊರಿನ ಒಂದು ಗಲ್ಲಿಯಲ್ಲಿ, ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಕೇಂದ್ರ ಅವಳದು. ಚಿಕ್ಕಮ್ಮನ ಓರಗೆಯವಳು. ಮೊಣಕೈವರೆಗೆ ಹಿಟ್ಟು, ಕಣ್ಣಿನಲ್ಲಿ ಪೊಲೀಸಿನವರ ನೋಟ. ಆ ನಂಬರು ನಿಮ್ಮವರದೇ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದಳು. ಚಿಕ್ಕಮ್ಮ ಚೀಲದಿಂದ ಒಂದು ದಪ್ಪ ಫೈಲು ತೆಗೆದರು. ಅಮ್ಮನ ಆಧಾರ್, ಪಾಸ್‌ಬುಕ್ಕು, ಮರಣ ಪ್ರಮಾಣಪತ್ರ, ಅಕ್ಕ ತಂಗಿ ಒಟ್ಟಿಗಿರುವ ಫೋಟೋ. ಹತ್ತೊಂಬತ್ತು ಅಟ್ಟಗಳ ಒಡತಿ ಅವತ್ತು ತಂದದ್ದೆಲ್ಲ ಜೆರಾಕ್ಸ್!

ಅವಳು ಒಂದೊಂದನ್ನೂ ಓದಿದಳು. ಮರಣ ಪ್ರಮಾಣಪತ್ರ ಬಂದಾಗ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹಿಡಿದಳು. ಆಮೇಲೆ ಸ್ಟೂಲು ಕೊಟ್ಟು ಕೂರಿಸಿದಳು. ಈ ನಂಬರು ತೆಗೆದುಕೊಂಡ ಹೊಸದರಲ್ಲಿ ಒಬ್ಬ ಟೈಲರ್ ಮೂರು ಸಲ ಕರೆ ಮಾಡಿದ್ದನಂತೆ, ಬ್ಲೌಸು ಹೊಲಿದು ಎಷ್ಟೋ ತಿಂಗಳಾಯಿತು, ಯಾಕೆ ಒಯ್ದಿಲ್ಲ ಎಂದು. ರಾಂಗ್ ನಂಬರ್ ಎಂದು ಬೈದಿದ್ದೆ, ಪಾಪ, ಎಂದಳು. ಅಮ್ಮ ಬ್ಲೌಸು ಹೊಲಿಯಲು ಕೊಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಬೀದಿಯ ಕಡೆ ಮುಖ ತಿರುಗಿಸಿದೆ.

ಸಂಖ್ಯೆ ಬಂತು. ಅವಳು ಮರಾಠಿಯಲ್ಲಿ ಒಂದೊಂದೇ ಅಂಕಿ ಓದಿದಳು, ಚಿಕ್ಕಮ್ಮ ಒಂದೊಂದನ್ನೇ ಒತ್ತಿದರು. ಅಟ್ಟ ತೆರೆಯಿತು. ಎಲ್ಲ ಇತ್ತು. ಹೆಬ್ಬೆರಳು ಮತ್ತು ತುಳಸಿ, ಹೆಬ್ಬೆರಳು ಮತ್ತು ಮೋಂಬತ್ತಿ, ಹೆಬ್ಬೆರಳು ಮತ್ತು ನನ್ನ ಅರ್ಧ ಕಿವಿ. ಎಡಗಡೆಗೆ ಸ್ವಲ್ಪ ಸೀಳಿದ ಆ ಉಗುರು, ಕಾಯಿ ತುರಿಯುವಾಗ ಆದ ಗಾಯದ ಕಲೆ. ಚಪಾತಿಯವಳೂ ಬಗ್ಗಿ ನೋಡಿದಳು. ಹತ್ತು ಫೋಟೋ ದಾಟಿದ ಮೇಲೆ ತಡೆಯಲಾರದೆ, ಇದೇನಿದು ಎಂದು ಕೇಳಿದಳು.

"ಮಾಝೀ ತಾಯಿ" ಎಂದರು ಚಿಕ್ಕಮ್ಮ.

ಮರಾಠಿಯಲ್ಲಿ ಹಾಗೆಂದರೆ ನನ್ನ ಅಕ್ಕ. ನನ್ನ ಕಿವಿಗೆ ಮಾತ್ರ ಅದು ಕನ್ನಡದಲ್ಲೇ ಬಿತ್ತು.

ಹೊರಡುವಾಗ ಆಕೆ ಎಂಟು ಚಪಾತಿ ಕಟ್ಟಿಕೊಟ್ಟಳು. ನನ್ನ ನಂಬರನ್ನೂ ಕೇಳಿ ಬರೆದುಕೊಂಡಳು; ಇನ್ನು ಅಮ್ಮನನ್ನು ಕೇಳಿಕೊಂಡು ಯಾರಾದರೂ ಕರೆ ಮಾಡಿದರೆ ಬೈಯದೆ ನನಗೆ ತಿಳಿಸುತ್ತಾಳಂತೆ. ಟ್ರೇನಿನಲ್ಲಿ ಚಿಕ್ಕಮ್ಮನಿಗೆ ಕಿಟಕಿಯ ಸೀಟು ಸಿಕ್ಕಿತು. ಅಕ್ಕನ ಫೋಟೋಗಳನ್ನು ಇನ್ನೆರಡು ಅಟ್ಟಗಳಿಗೆ ಏರಿಸಬೇಕು, ಯಾರ ಹೆಸರಿನಲ್ಲಿ ತೆರೆಯಲಿ ಎಂದು ಲೆಕ್ಕ ಹಾಕುತ್ತಲೇ ತೂಕಡಿಸಿದರು. ನನ್ನ ಹೆಸರಿನಲ್ಲೇ ತೆರೆಯಿರಿ, ಎಷ್ಟು ಬೇಕಾದರೂ ತೆರೆಯಿರಿ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು.

ತೆಗೆದು ನೋಡಿದೆ. ಅಮ್ಮ, ಎಂದಿತ್ತು.

ನಂಬರು ಬಿಟ್ಟುಕೊಟ್ಟಿದ್ದೆ, ಹೆಸರು ಅಳಿಸಿರಲಿಲ್ಲ. ಅದರ ಹಿಂದೆ ಅವಳ ಫೋಟೋ, ಆ ಹಸಿರು ಸೀರೆಯದು, ಪರದೆಯ ತುಂಬ. ಇದು ಚಪಾತಿಯವಳ ಕರೆ ಎಂದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಆದರೂ ಆ ಫೋಟೋವನ್ನೇ ನೋಡುತ್ತಿದ್ದೆ. ಇನ್ನೇನು ಕರೆ ನಿಂತೇ ಹೋಗುತ್ತದೆ ಅನ್ನುವಾಗ ಎತ್ತಿ ಕಿವಿಗೆ ಹಿಡಿದೆ.

"ಪೋಚಲೀಸ್ ಕಾ, ಬಾಳಾ?"

ತಲುಪಿದೆಯಾ ಮಗಾ, ಎಂದು. ಇನ್ನೂ ಇಲ್ಲ, ಇನ್ನೊಂದು ಗಂಟೆ ಬೇಕು, ತಲುಪಿದ ಕೂಡಲೇ ಫೋನ್ ಮಾಡುತ್ತೇನೆ ಎಂದೆ. ಮರಾಠಿಯಲ್ಲಿ ಹೇಳಬೇಕಿತ್ತು, ಕನ್ನಡದಲ್ಲೇ ಹೇಳಿಬಿಟ್ಟೆ.