ರಾಹುಕಾಲದ ಕರಡಿ

ವಯಸ್ಸಿಗೆ ಬಂದ ಗಂಡಸಿನ ಚಟಗಳಲ್ಲಿ ಲೋಕ ಕ್ಷಮಿಸುವಂಥವೇ ಹೆಚ್ಚು. ತಂಬಾಕು ಹಾಕಿಕೊಂಡರೆ ‘ಪಾಪ, ಹಲ್ಲುನೋವಿಗೆ’ ಎನ್ನುತ್ತಾರೆ. ಇಸ್ಪೀಟು ಆಡಿದರೆ ‘ಹೊತ್ತು ಹೋಗಬೇಕಲ್ಲ’ ಎನ್ನುತ್ತಾರೆ. ಆದರೆ ದಪ್ಪ ಮೀಸೆಯ ಕೃಷಿ ಸಹಾಯಕನೊಬ್ಬ, ಊರೂರಿನ ರೈತರಿಗೆ ಗೊಬ್ಬರದ ಬುದ್ಧಿ ಹೇಳುವವನು, ರವಿವಾರ ಸಂಜೆ ಬಾಗಿಲು ಹಾಕಿಕೊಂಡು ಟಿವಿಯಲ್ಲಿ ಕರಡಿ ಮರಿಯ ಕಾರ್ಟೂನು ನೋಡಿ ಕಣ್ಣೊರೆಸಿಕೊಳ್ಳುತ್ತಾನೆ ಎಂದರೆ ಯಾರೂ ಕ್ಷಮಿಸುವುದಿಲ್ಲ. ಆ ಕೃಷಿ ಸಹಾಯಕ ನಾನೇ. ಊರು ಸವಣೂರು. ಮೀಸೆ ಈಗಲೂ ಇದೆ.

ಚಿತ್ರ ಬರೆದವರು ಜಪಾನಿನವರಂತೆ. ಮರಿಯ ಕಣ್ಣುಗಳೇ ಅರ್ಧ ಮುಖ. ಮಾತೆಲ್ಲ ಹಿಂದಿ. ಸವಣೂರಿನಲ್ಲಿ ಬೆಳೆದವನಿಗೆ ಹಿಂದಿಗೆ ಮಾಸ್ತರು ಬೇಡ, ಓಣಿಯ ಉರ್ದು ಸಾಕು. ಪ್ರವಾಹದಲ್ಲಿ ಕೊಚ್ಚಿಕೊಂಡು ಸಮುದ್ರದ ತನಕ ಬಂದ ಮರಿಯನ್ನು ಒಂದು ಮುದಿ ಆಮೆ ಹೊಳೆಗುಂಟ ಮೇಲಕ್ಕೆ, ಅದರ ತಾಯಿಯ ಹತ್ತಿರ, ಕರೆದೊಯ್ಯುತ್ತದೆ. ಕಥೆ ಇಷ್ಟೇ. ವಾರಕ್ಕೆ ಹೊಳೆಯ ಒಂದು ತಿರುವು. ಎಂಬತ್ತರ ದಶಕ ಮುಗಿಯುತ್ತ ಬಂತು. ಇಷ್ಟು ವರ್ಷಗಳಲ್ಲಿ ಟಿವಿಯಲ್ಲಿ ಇದಕ್ಕಿಂತ ಒಳ್ಳೆಯದು ಬಂದಿಲ್ಲವೆಂದು ನಾನು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ. ಬೇರೆ ಧಾರಾವಾಹಿಗಳಲ್ಲಿ ರಾಜರು ಕತ್ತಿ ಹಿಡಿದು ಜಗಳಾಡುತ್ತಾರೆ, ಸೊಸೆಯರು ತಿಜೋರಿಯ ಕೀಲಿ ಹಿಡಿದು ಜಗಳಾಡುತ್ತಾರೆ. ಈ ಆಮೆ ಮಾತ್ರ ದಣಿದು ಸಾಯುವಂತಾಗಿದ್ದರೂ ‘ನನಗೇನೂ ಆಗಿಲ್ಲ’ ಎಂದು ಸುಳ್ಳು ಹೇಳುತ್ತ ನಡೆಯುತ್ತದೆ. ಒಮ್ಮೆ ಹುಲಗೂರಿನಲ್ಲಿ ರವಿವಾರವೇ ರೈತರ ಸಭೆ ಇಟ್ಟುಬಿಟ್ಟರು. ಹತ್ತಿಯ ಹುಳುವಿಗೆ ಯಾವ ಎಣ್ಣೆ ಹೊಡೆಯಬೇಕೆಂದು ಒಬ್ಬರು ಕೇಳಿದರೆ, ಕಡೆಯ ಬಸ್ಸಿನ ಚಿಂತೆಯಲ್ಲಿ ನಾನು ‘ಬರುವ ವಾರದ ಹೊತ್ತಿಗೆ ಅದಕ್ಕೂ ಬುದ್ಧಿ ಬರುತ್ತದೆ’ ಎಂದು ಹೇಳಿ ಎದ್ದಿದ್ದೆ.

ಹತ್ತಿ ಹೋದರೆ ಹೋಗಲಿ, ನನ್ನ ಚಟ ತಂಗಿ ಗಿರಿಜಾಳ ಮದುವೆಗೇ ಅಡ್ಡ ಬರತೊಡಗಿತು. ಕನ್ಯಾ ನೋಡಲು ಬರುವವರಿಗೆ ರವಿವಾರವೇ ಬಿಡುವು, ನನ್ನ ಕರಡಿಗೂ ರವಿವಾರವೇ ಬಿಡುವು. ಮೊದಲು ಬಂದವರನ್ನು ಅವ್ವನ ಮುಂದೆ ಕೂಡಿಸಿ ನಾನು ನೆರೆಮನೆಯ ಟಿವಿಗೆ ಓಡಿದ್ದೆ. ಅವರು ಸಿಟ್ಟಾಗಿ ಹೋದರು. ಎರಡನೆಯವರು ಹಿರೇಕೆರೂರಿನವರು. ಅಷ್ಟರಲ್ಲಿ ನಮ್ಮ ಮನೆಗೇ ಟಿವಿ ಬಂದಿತ್ತು. ವರನ ಕಾಕಾ ಒಳಗೆ ಬಂದಾಗ ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ‘ಯಾರರ ತೀರ್ಕೊಂಡ್ರೇನ್ರಿ?’ ಎಂದು ಪಾಪ ಮೆಲ್ಲಗೆ ಕೇಳಿದರು. ‘ಇಲ್ರಿ, ಆಮಿ ಕಲ್ಲಬಂಡಿ ಮ್ಯಾಲಿಂದ ಜಾರಿ ಬಿತ್ರಿ’ ಎಂದೆ. ನಿಜ ಹೇಳಿದ್ದೇ ತಪ್ಪಾಯಿತು. ‘ಹುಡುಗಿ ಚೊಲೊ ಅದಾಳ, ಆದ್ರ ಅಣ್ಣಗ ಇರೂದು ನಾಳೆ ಆಕೀಗೂ ಬರಬಹುದು’ ಎಂದು ಅವರು ಹೇಳಿಕಳಿಸಿದರು. ಅವ್ವ ನನ್ನೊಡನೆ ಎರಡು ದಿನ ಮಾತು ಬಿಟ್ಟಳು. ಆಮೇಲೆ ಆಡಿದ ಮೊದಲ ಮಾತು ಇದು: “ಮೂರನೇದೂ ನಿನ್ನ ಕರಡಿ ಸಲುವಾಗಿ ಕೆಟ್ಟರ, ಆ ಪೆಟ್ಟಿಗಿ ಹಾಳಬಾವ್ಯಾಗ ಬೀಳ್ತೈತಿ. ಅದರ ಹಿಂದ ನೀನೂ.”

ಮೂರನೆಯವರು ಹಾನಗಲ್ಲಿನ ಅಕ್ಕಿ ಗಿರಣಿಯ ಚನ್ನಬಸಪ್ಪನವರು. ಮಗ ಮಹೇಶ ಹೈಸ್ಕೂಲಿನಲ್ಲಿ ಮಾಸ್ತರ. ಅವರು ಬರುತ್ತೇವೆಂದ ರವಿವಾರವೇ ಕರಡಿಯ ಕಡೆಯ ಕಂತು. ಮಧ್ಯಾಹ್ನವೇ ಬನ್ನಿ ಎಂದು ಹೇಳಿಕಳಿಸಿದ್ದೆ. ಬಸ್ಸು ಶಿಗ್ಗಾವಿಯಲ್ಲಿ ಕೆಟ್ಟು ನಿಂತು, ತಂದೆ-ಮಗ ನಮ್ಮ ಹೊಸ್ತಿಲು ತುಳಿದಾಗ ಐದು ಹೊಡೆದಿತ್ತು. ಹಿರಿಯರು ಚಹಾ ಕುಡಿದರು, ಖಾರಾ ಮುಟ್ಟಲಿಲ್ಲ. ಮೇಲಿಂದ ಮೇಲೆ ಗಡಿಯಾರ ನೋಡುತ್ತಿದ್ದರು. ಮನೆತನ ಹಿಡಿಸಲಿಲ್ಲವೇನೋ ಎಂದು ನಾನು ಖಾರಾದ ತಾಟನ್ನು ಅವರ ಹತ್ತಿರಕ್ಕೆ ಸರಿಸಿದೆ. ಅವ್ವ ಗಿರಿಜಾಳನ್ನು ಕರೆಯಲು ಏಳುವಷ್ಟರಲ್ಲಿ ಅವರು ಕೈಯೆತ್ತಿದರು.

“ತಡೀರಿ ಅವ್ವಾರ. ರವಿವಾರ ಸಂಜೀಕ ರಾಹುಕಾಲ. ಆರರತನ ಹುಡುಗೀನ ನೋಡೂದು ಬ್ಯಾಡ.”

ಎಂಥ ಆಚಾರವಂತರು ಎಂದು ಅವ್ವನ ಮುಖ ಅರಳಿತು. ಅವರು ಒಂದು ಸಲ ಕೆಮ್ಮಿ, ಮೂಲೆಯ ಕಡೆ ನೋಡಿದರು. “ಅಲ್ಲೀತನ ಸುಮ್ನ ಕುಂತು ಏನ್ ಮಾಡೂದು? ಆ ಟಿವಿ ನಡೀತೈತೇನ್ರಿ ಸಾಹೇಬ್ರ?”

ಅವ್ವ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಬಂದ ಬೀಗರ ಮಾತು ಮೀರಬಾರದು ಎಂದುಕೊಳ್ಳುತ್ತ ಟಿವಿ ಹಚ್ಚಿದೆ. ಕರಡಿಯ ಹಾಡು ಶುರುವಾದ ಕೂಡಲೇ ಚನ್ನಬಸಪ್ಪನವರ ಕಾಲು ಕುರ್ಚಿಯ ಕೆಳಗೆ ತಾಳ ಹಾಕತೊಡಗಿತು. ಆಗ ನನಗೆ ರಾಹುವಿನ ಮರ್ಮ ತಿಳಿಯಿತು.

ಮೊದಲಿಗೆ ಹಿಂದಿನ ವಾರದ್ದನ್ನು ತೋರಿಸಿದರು. ಜಲಪಾತದ ಬುಡದಲ್ಲಿ ಆಮೆಗೆ ಹತ್ತಲಾಗುವುದಿಲ್ಲ. ‘ನೀನೊಬ್ಬನೇ ಹೋಗು’ ಎನ್ನುತ್ತದೆ. ಮರಿ ತಿರುತಿರುಗಿ ನೋಡುತ್ತ ಹತ್ತಿ ಹೋಗುತ್ತದೆ. ವಾರವಿಡೀ ತಡೆದಿದ್ದ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. “ಉಪಕಾರಗೇಡಿ. ಬಿಟ್ಟ ಹೋತು ನೋಡ್ರಿ.”

“ಯಾಕ್ರಿ?” ಹಿರಿಯರು ನನ್ನ ಕಡೆ ತಿರುಗಿದರು. “ಆಮೀನ ಹೋಗು ಅಂದೈತಿ.”

“ಸಾಕಿದವರು ಹೋಗು ಅಂತಾರ್ರಿ. ಹೋಗಬಾರ್ದು. ಅದು ರೀತಿ.”

“ಸಾಕಿದವರು ಹೋಗು ಅಂದ ಮ್ಯಾಲೆ ಮನಸಿನಾಗೂ ಹೋಗು ಅನ್ನಬೇಕ್ರಿ. ಬಾಯಿಲೆ ಹೋಗು ಅಂದು ಕೈಲೆ ಸೆರಗು ಹಿಡಕೊಂಡ್ರ ಹೆಂಗ?”

ಆ ಮಾತು ನನಗೆ ನಾಟಿತು. ಅಪ್ಪ ಹೋದಾಗ ಗಿರಿಜಾ ಇನ್ನೂ ಕನ್ನಡ ಸಾಲೆಯಲ್ಲಿದ್ದಳು. ಅವ್ವ ಹೊಲಕ್ಕೆ ಹೋದರೆ ಅವಳ ಜಡೆ ಹಾಕುತ್ತಿದ್ದವನು ನಾನು. ಬಂದ ಎರಡು ಸಂಬಂಧ ಕೆಟ್ಟಾಗ ಅವ್ವ ಅತ್ತಷ್ಟು ನಾನು ಅತ್ತಿರಲಿಲ್ಲ, ಒಳಗೊಳಗೆ ಹಗುರಾಗಿದ್ದೆ ಕೂಡ. ಉತ್ತರ ಹೊಳೆಯದ ಗಂಡಸರು ಮಾಡುವುದನ್ನೇ ಮಾಡಿದೆ, ದನಿ ಏರಿಸಿದೆ. ಅವರೂ ಏರಿಸಿದರು. ನಾನು ಎದ್ದು ನಿಂತೆ. ಅವರೂ ರುಮಾಲು ಸರಿ ಮಾಡಿಕೊಂಡು ಎದ್ದರು. “ನಿಮಗ ಕರಡೀನೂ ತಿಳದಿಲ್ಲ, ಆಮೀನೂ ತಿಳದಿಲ್ಲ” ಎಂದರು. “ಗಿರಣ್ಯಾಗ ಕುಂತು ಹೊಳೀ ಸುದ್ದಿ ಹೇಳಬ್ಯಾಡ್ರಿ” ಎಂದೆ ನಾನು. ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಂತಾಗ ಟಿವಿಯಲ್ಲಿ ಯಾವುದೋ ಹಿಂದಿ ಸಿನಿಮಾದ ಹೆಸರುಗಳು ಬರುತ್ತಿದ್ದವು. ಕಡೆಯ ಕಂತು ಮುಗಿದುಹೋಗಿತ್ತು. ಮರಿಗೆ ತಾಯಿ ಸಿಕ್ಕಿತೋ, ಆಮೆ ಏನಾಯಿತೋ, ನಾವಿಬ್ಬರೂ ನೋಡಿರಲಿಲ್ಲ.

“ಏಳೋ ಮಹೇಶಾ, ನಡಿ” ಎಂದರು ಚನ್ನಬಸಪ್ಪನವರು. ಅವ್ವ ತಲೆಯ ಮೇಲೆ ಕೈ ಹೊತ್ತಳು. ಆದರೆ ಮಹೇಶನ ಕುರ್ಚಿ ಖಾಲಿಯಿತ್ತು. ಅಡಿಗೆಮನೆಯ ಹೊಸ್ತಿಲ ಮೇಲೆ, ಟಿವಿ ಸರಿಯಾಗಿ ಕಾಣುವ ಕಡೆ, ಅವನು ಖಾರಾದ ತಾಟು ಹಿಡಿದು ಕೂತಿದ್ದ. ಹೊಸ್ತಿಲಿನ ಆಚೆ ಗಿರಿಜಾ ಕೂತಿದ್ದಳು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

“ಅಪ್ಪಾ, ನನಗ ಒಪ್ಪಿಗಿ ಐತಿ” ಎಂದ ಮಹೇಶ. “ಆಕೀಗೂ ಐತಿ. ಕೇಳೇನಿ.”

“ಯಾವಾಗ ಕೇಳಿದಿ?”

“ನೀವು ಜಗಳಾಡಾಕತ್ತಾಗ.”

“ರಾಹುಕಾಲದಾಗ?” ಎಂದವರು ನನ್ನ ಮುಖ ನೋಡಿ, ತಾವೇ ಬಾಯಿ ಮುಚ್ಚಿಕೊಂಡರು. ಅವ್ವ ಗಡಿಯಾರ ನೋಡಿದಳು. “ಈಗ ಆರು ಹೊಡದೈತಿ” ಎಂದು ಒಳಗೆ ಹೋಗಿ, ಬಾಯಿ ಸಿಹಿ ಮಾಡಲು ಸಕ್ಕರೆ ಡಬ್ಬಿಯನ್ನೇ ತಂದಳು.

ಮದುವೆಯಾಗಿ ಎರಡು ವರ್ಷವಾಯಿತು. ಆ ಕಾರ್ಟೂನು ಮತ್ತೆ ಬರಲಿಲ್ಲ. ಮರಿ ತಾಯಿಯ ಹತ್ತಿರ ಹೋಯಿತು ಎಂದು ಬೀಗರು ಹೇಳುತ್ತಾರೆ, ಆಮೆಯ ಹತ್ತಿರ ವಾಪಸು ಬಂತು ಎಂದು ನಾನು. ಹಾನಗಲ್ಲಿಗೆ ಹೋದಾಗಲೆಲ್ಲ ಗಿರಣಿಯ ಕಟ್ಟೆಯ ಮೇಲೆ ಕೂತು ಇದನ್ನೇ ಇತ್ಯರ್ಥ ಮಾಡಲು ನೋಡುತ್ತೇವೆ. ಕಡೆಯ ಕಂತು ಪೂರ್ತಿ ನೋಡಿದವರು ಆ ಗಂಡ ಹೆಂಡತಿ ಇಬ್ಬರೇ. ಅವರು ಬಾಯಿ ಬಿಡುವುದಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಗಿರಿಜಾಳನ್ನು ಮತ್ತೊಮ್ಮೆ ಕೇಳಿಕೊಂಡೆ.

“ಹೇಳಾಕ ನನಗೇನು ತ್ರಾಸ ಇಲ್ಲ ಅಣ್ಣಾ” ಎಂದು ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು. “ಗೊತ್ತಾದ ಮ್ಯಾಲೆ ನೀ ಇಷ್ಟು ಸಲ ಹಾನಗಲ್ಲಿಗೆ ಯಾಕ ಬರ್ತಿ?”

“ನಿನ್ನ ನೋಡಾಕ ಬರ್ತೇನಿ, ಮತ್ಯಾಕ?” ಎಂದೆ. ಸುಳ್ಳಲ್ಲ. ಅಷ್ಟರಲ್ಲಿ ಹೊರಗಿನ ಕಟ್ಟೆಯಿಂದ ಬೀಗರ ಕೆಮ್ಮು ಕೇಳಿಸಿತು. ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಆಮೆಯ ಪರವಾಗಿ ಬಸ್ಸಿನಲ್ಲಿ ಒಂದು ಹೊಸ ವಾದ ಹೊಳೆದಿತ್ತು, ಕೈ ತೊಳೆಯುವಷ್ಟರಲ್ಲಿ ಮರೆತುಬಿಟ್ಟರೆ ಕಷ್ಟ.